ಬೈಗುಳ ನಿಂತ ಚಳಿಗಾಲ

ನನ್ನ ಬಾಯಿ ಕೆಟ್ಟದ್ದು. ಊರವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕದಿರಮ್ಮ ಕೊಟ್ಟಿಗೆಯಲ್ಲಿ ಕೆಮ್ಮಿದರೂ ಕ್ಯಾಸಂಬಳ್ಳಿ ರಸ್ತೆಯವರೆಗೆ ಕೇಳುತ್ತದೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಎರಡು ಸೀಮೆಹಸು, ಒಂದಿಷ್ಟು ರಾಗಿ ಹೊಲ, ಒಬ್ಬ ಮಗ, ಮಾತೇ ಆಡದ ಗಂಡ. ಇಷ್ಟನ್ನೂ ನಾನು ಸಂಭಾಳಿಸಿದ್ದು ಕೈಯಿಂದ ಅರ್ಧ, ಬಾಯಿಂದ ಅರ್ಧ.

ನಮ್ಮ ಯಜಮಾನರು ಕೋದಂಡಪ್ಪ ಮೊದಲಿಂದಲೂ ಮಾತು ಕಡಿಮೆ, ಆದರೆ ನಗುಮುಖದ ಮನುಷ್ಯ. ಹನ್ನೊಂದು ವರ್ಷದ ಹಿಂದೆ, ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಆ ನಗು ನಿಂತಿತು. ಮನೆಯಲ್ಲಿ ಸಾವಿಲ್ಲ, ಜಗಳವಿಲ್ಲ, ಏನೂ ಆಗಿರಲಿಲ್ಲ. ಸುಮ್ಮನೆ ಗೋಡೆ ಕಡೆ ತಿರುಗಿಕೊಂಡು ಮಲಗಿಬಿಟ್ಟರು. ಕೇಳಿದರೆ ಎದೆ ಮೇಲೆ ಕಲ್ಲು ಹೇರಿದಂತಿದೆ ಎಂದರು. ತಾಯತ ಕಟ್ಟಿಸಿದೆ, ದೃಷ್ಟಿ ತೆಗೆದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು, ಅವರ ಎದೆ ಮೇಲಿನ ಕಲ್ಲೂ ಹೋಯಿತು. ಪೀಡೆ ಕಳೆಯಿತು ಎಂದುಕೊಂಡೆ. ಮರುವರ್ಷ ಅದೇ ಕಾಲಕ್ಕೆ ಮತ್ತೆ ಬಂತು.

ಆಮೇಲೆ ನಾನು ತಾಯತದ ಗೋಜಿಗೆ ಹೋಗಲಿಲ್ಲ. ಮುಂಜಾನೆ ಹಾಲು ಕರೆದು, ಕ್ಯಾನು ಬಾಗಿಲಲ್ಲಿಟ್ಟು, ಒಳಗೆ ಹೋಗಿ ಅವರ ರಗ್ಗು ಎಳೆದು ಬೈಯುವುದಕ್ಕೆ ಶುರು ಮಾಡಿದೆ.

"ಎದ್ದೇಳಯ್ಯಾ ಮೇಲೆ. ಆಲೇನು ತಾನೇ ನಡ್ಕಂಡು ಡೈರಿಗೆ ಓಗುತ್ತಾ?"

ಇದು ಮೊದಲ ಸಾಲು ಮಾತ್ರ. ಉಳಿದವನ್ನು ಇಲ್ಲಿ ಹೇಳಲಾರೆ. ಅವರ ಅಪ್ಪ, ಅವರ ಅಜ್ಜ, ಅವರ ವಂಶದ ಸೋಮಾರಿತನ ಎಲ್ಲ ಬರುತ್ತಿತ್ತು. ಬೈಗುಳ ತಡೆಯಲಾರದೆ ಎದ್ದು, ತಲೆಗೆ ಟವೆಲ್ ಸುತ್ತಿ, ಮಂಜಿನಲ್ಲಿ ಕೆರೆ ಕಟ್ಟೆ ಮೇಲೆ ಕ್ಯಾನು ಹಿಡಿದು ಹೋಗುತ್ತಿದ್ದರು. ಡೈರಿಯಲ್ಲಿ ಹಾಲು ಅಳೆಯುವ ಚಿಕ್ಕವೆಂಕಟಪ್ಪ, ಇವತ್ತು ಎಷ್ಟು ಲೀಟರ್ ಬೈಸಿಕೊಂಡು ಬಂದೆ ಎಂದು ಕೇಳುತ್ತಿದ್ದನಂತೆ. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರಂತೆ, ಇವರೂ ಒಂದಿಷ್ಟು ನಗುತ್ತಿದ್ದರಂತೆ. ಟೀ ಕುಡಿದು ವಾಪಸು ಬರುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. ಒಮ್ಮೆ ಹೊರಗೆ ಬಿದ್ದ ಮನುಷ್ಯ ಮತ್ತೆ ಹಾಸಿಗೆಗೆ ಹೋಗುತ್ತಿರಲಿಲ್ಲ. ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕಿ ಕೊಡುತ್ತಿದ್ದರು. ಇದು ಔಷಧಿ ಎಂದು ನನಗೇನು ಗೊತ್ತು? ಹೀಗೆ ತಳ್ಳಿದರೆ ಶಿವರಾತ್ರಿ ಮುಟ್ಟುತ್ತಾರೆ ಎನ್ನುವುದಷ್ಟೇ ಗೊತ್ತು. ಹತ್ತು ಚಳಿಗಾಲ ಹಾಗೇ ಮುಟ್ಟಿಸಿದೆ.

ಕಳೆದ ಬೇಸಿಗೆಯಲ್ಲಿ ಮಗ ವಿಜಯಕುಮಾರನ ಮದುವೆ ಆಯಿತು. ಅವನು ನರಸಾಪುರದ ಕಡೆ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುತ್ತಾನೆ. ಸೊಸೆ ರಾಧಾಮಣಿ ಉರಿಗಾಂ ಹುಡುಗಿ, ಚಿನ್ನದ ಗಣಿ ಕೂಲಿಗಳ ಲೈನ್ ಮನೆಯಲ್ಲಿ ಬೆಳೆದವಳು. ಒಳ್ಳೆಯವಳು, ಸುಳ್ಳು ಯಾಕೆ ಹೇಳಲಿ. ದೀಪಾವಳಿಗೆ ಅವಳ ತಾಯಿ ಅಮ್ಮಾಜಮ್ಮ ಬಂದು ಎರಡು ದಿನ ಉಳಿದರು. ಆಗಲೇ ಯಜಮಾನರು ಗೋಡೆ ಕಡೆ ತಿರುಗಿದ್ದರು. ನಾನು ನನ್ನ ಅಭ್ಯಾಸದಂತೆ ರಗ್ಗು ಎಳೆದೆ, ಬಾಯಿ ಬಿಟ್ಟೆ. ತಿಂಡಿ ಹೊತ್ತಿಗೆ ಅಮ್ಮಾಜಮ್ಮ ತಟ್ಟೆ ನೋಡುತ್ತಾ ಮೆಲ್ಲಗೆ ಹೇಳಿದರು.

"ಗೋಡೆಗೆ ಗೋಡೆ ಅಂಟಿರೋ ಲೈನ್ ಮನೇಲಿ ಬಾಳಿದೋಳು ನಾನು. ಗಂಡನ್ನ ಇಂಗ್ ಬೈಯೋದು ಅಲ್ಲೂ ಕೇಳಿಲ್ಲ ಅತ್ತಿಗೆ."

ನನ್ನ ಮುಖಕ್ಕೆ ಸಗಣಿ ಬಳಿದಂತಾಯಿತು. ಬೀಗಿತ್ತಿ ಉರಿಗಾಂಗೆ ಹೋಗಿ ಏನು ಹೇಳುತ್ತಾಳೋ, ಸೊಸೆ ನನ್ನನ್ನು ಏನೆಂದುಕೊಳ್ಳುತ್ತಾಳೋ! ಮಗನೂ ದನಿಗೂಡಿಸಿದ. ಅಪ್ಪನಿಗೆ ವಯಸ್ಸಾಯಿತು, ಚಳಿ ತಡೆಯಲ್ಲ, ಮಲಗಲಿ ಬಿಡಮ್ಮ ಎಂದ. ಮಾರನೆಯ ದಿನದಿಂದ ರಾಧಾಮಣಿಯೇ ಸ್ಕೂಟಿಯಲ್ಲಿ ಕ್ಯಾನಿಟ್ಟುಕೊಂಡು ಡೈರಿಗೆ ಹೋದಳು. ಅವರೆಕಾಳನ್ನೂ ಅವಳೇ ಹಿತುಕಿದಳು. ಮಾವನಿಗೆ ಹೊಸ ಕಂಬಳಿ ತಂದು ಹೊದಿಸಿ, ಕಿಟಕಿಯಿಂದ ಗಾಳಿ ಬರುತ್ತದೆಂದು ಗೋಣಿಚೀಲ ಕಟ್ಟಿದಳು. ನಾನು ಬಾಯಿ ಮುಚ್ಚಿಕೊಂಡೆ.

ನಿಜ ಹೇಳುತ್ತೇನೆ, ನನಗದು ಹಿತವಾಗಿತ್ತು. ಸೊಸೆ ಬಂದ ಮೇಲೆ ಕದಿರಮ್ಮ ಎಷ್ಟು ಮೆತ್ತಗಾದಳು ನೋಡಿ ಎಂದು ಊರಲ್ಲಿ ಮಾತಾಡಿಕೊಂಡರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಒಳ್ಳೆಯವಳು ಎಂದಿರಲಿಲ್ಲ. ಆ ಹೆಸರಿನ ಆಸೆಗೆ ಬಿದ್ದೆ. ಯಜಮಾನರು ಸ್ನಾನ ಬಿಟ್ಟರು, ಕಂಡೆ. ಬೀಡಿ ಕೇಳುವುದು ಬಿಟ್ಟರು, ಅದನ್ನೂ ಕಂಡೆ. ಇಟ್ಟ ಮುದ್ದೆ ತಟ್ಟೆಯಲ್ಲೇ ಒಣಗಿತು. ನಾಲಿಗೆ ತುದಿವರೆಗೆ ಬಂದ ಬೈಗುಳವನ್ನು ನುಂಗಿಕೊಂಡು, ಏಳಿ, ಒಂದು ತುತ್ತು ತಿನ್ನಿ ಎಂದು ನಯವಾಗಿ ಕೇಳುತ್ತಿದ್ದೆ. ಯಾರೋ ಪರವೂರ ಹೆಂಗಸನ್ನು ನೋಡುವಂತೆ ನನ್ನ ಮುಖ ನೋಡಿ ಮತ್ತೆ ಕಣ್ಣು ಮುಚ್ಚುತ್ತಿದ್ದರು. ಥೂ ನನ್ನ ಜನ್ಮಕ್ಕೆ! ಆಗಲಾದರೂ ಬುದ್ಧಿ ಬರಬಾರದಿತ್ತೇ?

ಸಂಕ್ರಾಂತಿಗೆ ವಾರವಿರುವಾಗ ಎರಡು ದಿನ ನೀರು ಕೂಡ ಮುಟ್ಟಲಿಲ್ಲ. ರಾಧಾಮಣಿಯೇ ಹೆದರಿ ಆಟೋ ಕರೆಸಿದಳು, ನಾವಿಬ್ಬರೂ ಹಿಡಿದುಕೊಂಡು ಬಂಗಾರಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನವರು ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ಯಜಮಾನರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಬದುಕಿರುವುದೇ ಬೇಡ ಅನಿಸುತ್ತದಾ ಎಂದು ಕೇಳಿದಳು. ಇದೆಂಥ ಅಪಶಕುನದ ಪ್ರಶ್ನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೌದು ಎಂದು ತಲೆ ಆಡಿಸಿದರು.

ಪ್ರತಿ ಚಳಿಗಾಲವೂ ಹೀಗೇ ಎಂದೆ. ಹೋದ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರಮ್ಮ ಕೇಳಿದಳು. ರಾಧಾಮಣಿಯೇ ಹೇಳಿದಳು, ಅತ್ತೆ ಬೈದು ಎಬ್ಬಿಸಿ ಡೈರಿಗೆ ಕಳಿಸುತ್ತಿದ್ದರು ಎಂದು. ಡಾಕ್ಟರಮ್ಮ ನಗಲಿಲ್ಲ. ಕೆಲವರಿಗೆ ಚಳಿಗಾಲದಲ್ಲೇ ತಿರುತಿರುಗಿ ಬರುವ ಕಾಯಿಲೆ ಇದು, ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ, ಕತ್ತಲೆ ಕೋಣೆಯಲ್ಲಿ ಮಲಗಿಸಿದರೆ ಹೆಚ್ಚುತ್ತದೆ ಎಂದಳು. ಮಾತ್ರೆ ಕೊಟ್ಟಳು, ಗುಣ ಕಾಣಲು ಕೆಲವು ವಾರ ಬೇಕೆಂದಳು. ದಿನಾ ಹೊತ್ತಿಗೆ ಸರಿಯಾಗಿ ಎಬ್ಬಿಸಿ, ಬೆಳಗಿನ ಬಿಸಿಲಿನಲ್ಲಿ ನಡೆಸಿ, ನಾಲ್ಕು ಜನರ ನಡುವೆ ನಿಲ್ಲಿಸಿ, ಒಂಟಿಯಾಗಿ ಬಿಡಬೇಡಿ, ಮುಂದಿನ ವಾರ ತಪ್ಪದೆ ಕರೆತನ್ನಿ ಎಂದಳು. ಕಿಟಕಿಗೆ ಗೋಣಿಚೀಲ ಕಟ್ಟಿದ ಹುಡುಗಿ ನನ್ನ ಪಕ್ಕದಲ್ಲೇ ಬಿಕ್ಕಿದಳು. ಅವಳದೇನು ತಪ್ಪು? ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು.

ಬಸ್ ಸ್ಟ್ಯಾಂಡಿನಲ್ಲಿ ಬಿಸಿಲು ಬೀಳುವ ಕಡೆ ಕಲ್ಲು ಬೆಂಚಿನ ಮೇಲೆ ಅವರನ್ನು ಕೂರಿಸಿದೆವು. ಅವರು ನನ್ನ ಕಡೆ ತಿರುಗಿದರು. ಎರಡು ತಿಂಗಳಲ್ಲಿ ಅವರಾಗಿ ಆಡಿದ ಮೊದಲ ಮಾತು ಅದು.

"ನೀನು ಬೈಯೋದು ಬಿಟ್ಟೆ. ಇನ್ನ ನಾನು ಬ್ಯಾಡವೇನೋ ಅಂದ್ಕಂಡೆ ಕಣೆ."

ಕೋಪವಿಲ್ಲ, ದೂರಿಲ್ಲ. ಇವತ್ತು ಮೋಡವಿದೆ ಎನ್ನುವ ಹಾಗೆ ಹೇಳಿದರು. ಹತ್ತು ವರ್ಷ ನಾನು ಬೈದದ್ದನ್ನೆಲ್ಲ ಈ ಮನುಷ್ಯ ಏನೆಂದು ಕೇಳಿಸಿಕೊಂಡಿದ್ದ, ಅದನ್ನು ನಿಲ್ಲಿಸಿ ನಾನು ಯಾರ ಹತ್ತಿರ ಒಳ್ಳೆಯ ಹೆಸರು ತೆಗೆದುಕೊಂಡೆ! ಕತ್ತಲೆ ಕೋಣೆಯಲ್ಲಿ ದಿನಾ ಮುಂಜಾನೆ ಆ ಮನುಷ್ಯ ರಗ್ಗಿನ ಒಳಗೆ ಕಾಯುತ್ತಿದ್ದಿರಬೇಕು. ನಾನು ಬಾಗಿಲವರೆಗೂ ಬಂದು, ಸದ್ದಾಗದಂತೆ ಹಿಂದಕ್ಕೆ ಹೋಗುತ್ತಿದ್ದೆ.

ಕ್ಯಾಸಂಬಳ್ಳಿ ಬಸ್ಸು ಬಂದು ನಿಂತಿತು. ನಾವಿಬ್ಬರೂ ಎದ್ದೆವು, ಅವರು ಏಳಲಿಲ್ಲ. ರಾಧಾಮಣಿ ಕೈ ಹಿಡಿದು ಮಾವಾ, ಮಾವಾ ಎಂದು ಕರೆದಳು. ಮೈಯೆಲ್ಲ ಭಾರ ಬಿಟ್ಟು ಕೂತಿದ್ದರು. ಕಂಡಕ್ಟರ್ ಸೀಟಿ ಹಾಕಿದ. ಅವಳು ನನ್ನ ಭುಜ ಹಿಡಿದು ಅಲುಗಿಸಿದಳು.

"ಬೈಯಿರಿ ಅತ್ತೆ. ಜೋರಾಗಿ ಬೈಯಿರಿ, ನಾನಿದೀನಿ."

ಬಾಯಿ ತೆರೆದೆ. ಅವರ ಅಪ್ಪ, ಅಜ್ಜ, ವಂಶ ಎಲ್ಲ ಗಂಟಲಿಗೆ ಬಂದು ನಿಂತವು. ಅವರು ತಲೆ ಎತ್ತಿ ನನ್ನ ಬಾಯನ್ನೇ ನೋಡುತ್ತಿದ್ದರು. ಒಂದು ಮಾತೂ ಹೊರಡಲಿಲ್ಲ, ಅಳು ಬಂತು. ಬಸ್ಸು ಹೋಯಿತು. ನಾನು ಅವರ ಪಕ್ಕದಲ್ಲಿ ಕೂತು, ಮುಂದಿನ ಬಸ್ಸು ಬರುವುದರೊಳಗೆ ಹೇಗಾದರೂ ಬೈಯಬೇಕು ಎಂದು ಗಂಟಲು ಸರಿಮಾಡಿಕೊಳ್ಳುತ್ತಾ ಇದ್ದೆ.