ಕಿಟಕಿಯ ಬಾಟಲಿ ಹಸಿರಾದದ್ದು

ನಿಟ್ಟುವಳ್ಳಿಯ ಮರುಳಸಿದ್ದಮ್ಮನಿಗೆ ಪೂಜೆಗೆ ಹರಿಹರದ ಹೊಳೆ ನೀರೇ ಆಗಬೇಕು. ಈ ಸಲ ತಾಮ್ರದ ತಂಬಿಗೆ ಸೋರತೊಡಗಿತ್ತು. ಅದಕ್ಕೇ ನೀರನ್ನು ಗಾಜಿನ ಬಾಟಲಿಗೆ ತುಂಬಿ, ದಿನದ ಮೊದಲ ಬಿಸಿಲು ತುಂಗಭದ್ರೆಯ ಆ ನೀರಿನ ಮೇಲೆ ಬೀಳಲಿ ಎಂದು ಮೂಡಣ ಕಿಟಕಿಯಲ್ಲಿಟ್ಟಳು. ಮೂರು ವಾರದಲ್ಲಿ ನೀರು ಹಸಿರಾಯಿತು.

ಮುಟ್ಟಿನ ದಿನಗಳಲ್ಲಿ ಆ ಕಿಟಕಿ ಒರೆಸಿದ್ದು ಸೊಸೆ ಆಶಾರಾಣಿ. ಅದಕ್ಕೇ ನೀರು ಮೈಲಿಗೆಯಾಯಿತೆಂದು ಅತ್ತೆ ಅವಳನ್ನು ದೇವರ ಕೋಣೆಗೆ ಬಿಡಲಿಲ್ಲ. ಹತ್ತು ದಿನ ಸಹಿಸಿದ ಸೊಸೆ ಕುಕ್ಕುವಾಡದ ತವರಿಗೆ ಹೊರಡಲು ಬ್ಯಾಗು ಕಟ್ಟಿದಳು.

ಪಕ್ಕದ ಮನೆಯ ಮಾಬೂಬೀ ಹೈಸ್ಕೂಲಿನ ವಿಜ್ಞಾನ ಟೀಚರ್. ಸುದ್ದಿ ಕೇಳಿ ಬಂದವರೇ ಬಾಟಲಿಯನ್ನು ಬೆಳಕಿಗೆ ಹಿಡಿದರು.

"ಇದು ಹಸಿರು ಪಾಚಿ ಅಮ್ಮಾರೆ. ಮುಟ್ಟಿದ್ದಕ್ಕಲ್ಲ, ಬಿಸಿಲಿಗೆ ಬೆಳೆದೈತೆ."

"ನಿಮ್ಮ ಸಾಲಿ ಪಾಠ ನನ್ನ ದೇವರಿಗೆ ಬ್ಯಾಡ."

ಹಾಗಾದರೆ ಪರೀಕ್ಷಿಸಿಯೇ ನೋಡೋಣ ಎಂದರು ಟೀಚರ್. ಹೊಸ ಹೊಳೆ ನೀರು ತರಿಸಿ, ಮುಂದಿನ ಮುಟ್ಟಿನ ದಿನ ಆಶಾರಾಣಿಯ ಕೈಯಿಂದಲೇ ಎರಡು ಬಾಟಲಿ ತುಂಬಿಸಿದರು. ಒಂದು ಕಿಟಕಿಗೆ, ಇನ್ನೊಂದು ಕಪ್ಪು ಬಟ್ಟೆ ಸುತ್ತಿ ಕಪಾಟಿಗೆ. ಏನಾಗುವುದೋ ನೋಡಲು ಸೊಸೆ ಉಳಿದಳು, ಬ್ಯಾಗು ಮಾತ್ರ ಬಿಚ್ಚಲಿಲ್ಲ.

ಮತ್ತೆ ಮೂರು ವಾರ. ಕಿಟಕಿಯದು ಹಸಿರು, ಕಪಾಟಿನದು ತಿಳಿ.

ಟೀಚರ್ ಅತ್ತೆಯನ್ನು ಶಾಲೆಗೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ಹಸಿರು ನೀರಿನ ಒಂದು ಹನಿ ತೋರಿಸಿದರು. ಹಸಿರು ಕಾಳಿನಂಥ ಜೀವಗಳು ಕೂದಲೆಳೆಯಂಥ ಎರಡು ಎಳೆ ಬೀಸಿ ಈಜುತ್ತಿದ್ದವು. ಇದೇ ಕುಲದಲ್ಲಿ ಒಂಟಿಯಾಗಿ ಇರುವವುಂಟು, ಗುಂಪು ಕಟ್ಟುವವುಂಟು, ದಾರದಂತೆ ಉದ್ದವಾಗುವವುಂಟು. ಬೇರು, ಕಾಂಡ, ಎಲೆ ಇಲ್ಲ. ಆದರೂ ಎಲೆಯಲ್ಲಿರುವ ಪತ್ರಹರಿತ್ತೇ ಇವಕ್ಕೂ ಇದೆ. ಬಿಸಿಲಿನಲ್ಲಿ ಅನ್ನ ಮಾಡಿಕೊಂಡು, ಪಿಷ್ಟವಾಗಿ ಕೂಡಿಟ್ಟು, ನಮ್ಮ ಉಸಿರಿಗೆ ಆಮ್ಲಜನಕ ಕೊಡುತ್ತವೆ. ಬಿಲ್ವಪತ್ರೆಗೂ ಇವು ದೂರದ ನೆಂಟರೇ ಎಂದರು ಟೀಚರ್.

ಮರುಳಸಿದ್ದಮ್ಮ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಮುಟ್ಟಿಗೆ ಸೂತಕವಿಲ್ಲ ಎಂದ ಶರಣರ ಮಾತು ಬರೀ ತನ್ನ ಬಾಯಲ್ಲಿತ್ತು, ನಡೆಯಲ್ಲಿರಲಿಲ್ಲ ಎನಿಸಿತು.

ಮನೆಗೆ ಬಂದು ಬ್ಯಾಗನ್ನು ತಾನೇ ಬಿಚ್ಚಿದಳು. "ಬಿಸಿಲಿಗಿಟ್ಟಾಕಿ ನಾನು, ಬೈಸಿಕೊಂಡಾಕಿ ನೀನು. ಬಾರವ್ವ, ಇವತ್ತು ನೀನ ಪೂಜಿ ಮಾಡು."

"ಮುಂದಿನ ತಿಂಗಳು ಮುಟ್ಟಾದಾಗ?" ಎಂದಳು ಆಶಾರಾಣಿ.

"ಆಗ್ಲೂ ನೀನ."

ಪೂಜೆ ಮುಗಿದ ಮೇಲೆ ಮೊದಲ ಪ್ರಸಾದ ಮಾಬೂಬೀ ಟೀಚರ್ ಮನೆಗೆ ಹೋಯಿತು.

ಅಕ್ಕ, ತಂಗಿಯರೇ, ನೀರು ಹಸಿರಾದರೆ ಮನೆಯ ಹೆಣ್ಣುಮಗಳತ್ತ ಬೆರಳು ತೋರಿಸಬೇಡಿ. ಬಿಸಿಲು ಎಲ್ಲಿಂದ ಬೀಳುತ್ತಿದೆ ನೋಡಿ. ಪಾತ್ರೆ ತಿಕ್ಕಿ ತೊಳೆದು, ಮುಚ್ಚಿ, ನೆರಳಲ್ಲಿಡಿ. ಹಸಿರಾದ ನೀರು ಕುಡಿಯಬೇಡಿ. ಕೆರೆಯಲ್ಲಿ ಬಣ್ಣ ಚೆಲ್ಲಿದಂತೆ ತೇಲುವ ನೀಲಿ-ಹಸಿರು ಕೆನೆ ಬೇರೆಯದೇ ಕುಲ, ಅದರಲ್ಲಿ ವಿಷವಿರಬಹುದು, ದನಕರುಗಳನ್ನು ದೂರವಿಡಿ. ಹಸಿರು ಪಾಚಿಗೆ ಮಾತ್ರ ಒಂದು ಶರಣು ಹೇಳಿ. ನಾವು ಈಗ ಎಳೆದ ಉಸಿರಿನಲ್ಲಿ ಅದರ ಪಾಲೂ ಇದೆ.