ಹಲ್ಲಲ್ಲಿ ಕಚ್ಚಿದ ದಾರ

ದಾರಕ್ಕೂ ಒಂದು ರುಚಿ ಇರುತ್ತದೆ, ಗಂಜಿ ಹಾಕಿದ ಹೊಸ ಬಟ್ಟೆಯ ತುದಿ ಕಚ್ಚಿದ ಹಾಗೆ, ನಾಲಿಗೆಗೆ ತಾಗಿದ್ದೇ ಬಾಯಿ ಒಣಗುತ್ತದೆ, ಅಸ್ಮಾಳ ಬಾಯಿ ಒಣಗಿ ಎಷ್ಟು ಹೊತ್ತಾಯಿತೋ, ನೀರು ಕೇಳೋಣವೆಂದರೆ ಹಲ್ಲಲ್ಲಿ ದಾರ, ಬಿಡು, ಕೆಲಸ ಕೇಳಲು ಬಂದವಳು ನೀರು ಬೇರೆ ಕೇಳಿದರೆ ಏನಂದುಕೊಂಡಾರು— ದಾರದ ಒಂದು ತುದಿ ಹಲ್ಲಲ್ಲಿ, ಉಳಿದದ್ದು ಎರಡೂ ಕೈಬೆರಳಲ್ಲಿ ಹೊಸೆದುಕೊಂಡು ಕತ್ತರಿಯಂತೆ ನಿಂತಿದೆ, ಮುಂದೆ ತಿರುಗುವ ಕುರ್ಚಿಯಲ್ಲಿ ಅಮ್ಮಿ, ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಪಾರ್ಲರಿನ ಮೆಟ್ಟಿಲು ಹತ್ತದ ಖಾಸಿಂಬೀ, ಬುರ್ಖಾ ಬಿಚ್ಚದೆ, ನಕಾಬು ಮಾತ್ರ ಮೇಲೆತ್ತಿ, ಕೈಚೀಲ ತೊಡೆಯ ಮೇಲೆ ಅವುಚಿಕೊಂಡು, ಬಸ್ಸಿನಲ್ಲಿ ಕೂತ ಹಾಗೇ ಕೂತಿದ್ದಾಳೆ. ಅವಳ ಮೇಲ್ತುಟಿಯ ಕೂದಲು ತೆಗೆದಾಯಿತು, ಚೆನ್ನಾಗಿಯೇ ಆಯಿತು, ಸ್ವಲ್ಪ ಕೆಂಪಾಗಿದೆ ಅಷ್ಟೆ. ಹಿಂದೆ ಕೈಕಟ್ಟಿ ನಿಂತ ಶಿವಗಂಗಾ ಮೇಡಂ, ಹಣೆಗೆ ವಿಭೂತಿ, ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿಯ ಮೇಲಿನ ಈ ಪಾರ್ಲರಿನ ಒಡತಿ, ಬಾಗಿ ನೋಡಿದರು, ಹ್ಞೂಂ ಅಂದರು, ಆಮೇಲೆ ಆ ಮಾತು ಅಂದೇಬಿಟ್ಟರು. ತುಟಿ ಮ್ಯಾಲಿಂದು ಯಾರ್ ಬೇಕಾದ್ರೂ ಮಾಡ್ತಾರ ತಂಗಿ, ಹುಬ್ಬು ಮಾಡಿ ತೋರ್ಸು. ಹುಬ್ಬು. ಆ ಒಂದು ಮಾತು ಬರದಿರಲಿ ಯಾ ಅಲ್ಲಾ ಎಂದು ಮಸ್ಕಿಯಲ್ಲಿ ಬಸ್ಸು ಹತ್ತಿದಾಗಿನಿಂದ ಕೇಳಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. ಈಗ ದಾರ ಬಾಯಿಂದ ತೆಗೆದು, ಬ್ಯಾಡ್ರಿ ಮೇಡಂ, ನಮ್ಮ ಅಮ್ಮಿ ಹುಬ್ಬು ಮುಟ್ಟಸಂಗಿಲ್ಲ, ಅದು ಗುನಾಹ್ ಅಂತ ನಂಬ್ಯಾಳ ಅನ್ನಬೇಕು. ಹಾಗಂದರೆ ಈ ಕೆಲಸವೂ ಹೋಯಿತು. ಅನ್ನದಿದ್ದರೆ ಅಮ್ಮಿ ಹೋದಳು. ದಾರ ಹಲ್ಲಲ್ಲೇ ಇದೆ, ಕೈ ಮೇಲೇಳುತ್ತಿಲ್ಲ, ಬೆನ್ನು ನೋಯುತ್ತಿದೆ, ಬೆಳಿಗ್ಗೆಯಿಂದ ಒಂದು ಕಪ್ಪು ಚಹಾ ಬಿಟ್ಟು ಹೊಟ್ಟೆಗೆ ಏನೂ ಬಿದ್ದಿಲ್ಲ.

ಗುನಾಹ್, ಹೌದು, ಪಾಪ, ಅಬ್ಬಾ ಜಿಲಾನಿಸಾಬ್ ಇದ್ದಾಗಿನಿಂದ ಮನೆಯಲ್ಲಿ ಇದೇ ಮಾತು, ಅಲ್ಲಾ ಬರೆದ ಹುಬ್ಬು, ಅದನ್ನು ಯಾರೂ ತಿದ್ದಬಾರದು, ಅಸ್ಮಾ ಮಸ್ಕಿಯಲ್ಲಿ ಮೂರು ತಿಂಗಳ ಬ್ಯೂಟಿಷಿಯನ್ ಕೋರ್ಸಿಗೆ ಸೇರುತ್ತೇನೆಂದಾಗ ಅಮ್ಮಿ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಒಪ್ಪಿದ್ದಳು, ಮಂದಿ ಹುಬ್ಬು ಮಂದಿ ಪಾಡು, ನಿಂದೂ ನಂದೂ ನಕ್ಕೋ, ಬ್ಯಾಡ, ತಿಳೀತಾ? ತಿಳೀತು ಅಮ್ಮಿ. ಕೋರ್ಸಿನಲ್ಲಿ ಇಪ್ಪತ್ತು ಹುಡುಗಿಯರಿಗೆ ಒಂದೇ ಕುರ್ಚಿ, ಸರದಿ ಬಂದರೆ ಪುಣ್ಯ, ಟೀಚರು ಹೇಳಿದ್ದು ಮನೆಗೆ ಹೋಗಿ ನಿಮ್ಮ ನಿಮ್ಮ ಮೊಣಕಾಲ ಕೆಳಗೆ ರೂಢಿ ಮಾಡ್ಕೊಳ್ರಿ ಅಂತ, ಮಾಡಿದ್ದೇ ಮಾಡಿದ್ದು, ಹದಿನೈದು ದಿನಕ್ಕೆ ಎರಡೂ ಕಾಲು ಗಾಜಿನಂತೆ ನುಣ್ಣಗಾಗಿ ಕೀಳಲು ಒಂದು ಕೂದಲಿಲ್ಲ, ಆಗ ಕಣ್ಣಿಗೆ ಬಿದ್ದದ್ದು ಕರಿ ಕಂಬಳಿ. ಕಂಬಳಿಯ ಉಣ್ಣೆ ಎಳೆ ಎಳೆಯಾಗಿ ಎತ್ತುವುದು, ಒಂದು ಮೂಲೆ ಬೋಳಾದ ಮೇಲೆ ಇನ್ನೊಂದು ಮೂಲೆ, ಅಮ್ಮಿ ಬಾಗಿಲಲ್ಲಿ ನಿಂತು ನೋಡಿ, ಯಾಕಬೇ, ಕಂಬಳಿಗೆ ಯಾವಾಗ ಮದುವಿ? ಆ ನಗು. ಅಮ್ಮಿ ನಕ್ಕರೆ ಕೊನೆಗೆ ಕೆಮ್ಮೇ ಬರುತ್ತದೆ, ಹದಿನಾರು ವರ್ಷ ಹತ್ತಿ ಮಿಲ್ಲಿನಲ್ಲಿ ನುಂಗಿದ ಧೂಳು ನಗುವುದಕ್ಕೂ ಬಿಡುವುದಿಲ್ಲ. ಕಂಬಳಿಯಿಂದ ಆದ ಕೇಡು ಗೊತ್ತಾದದ್ದು ಲಿಂಗಸೂಗೂರಿನಲ್ಲಿ. ಅಲ್ಲಿಯ ಪಾರ್ಲರಿನಾಕೆ ಮೊದಲು ಕೇಳಿದ್ದೇ ಅದು, ಮೊದಲ ಎಲ್ಲಿ ಕೆಲಸ ಮಾಡೀದಿ? ಎಲ್ಲೂ ಇಲ್ರೀ. ಎಲ್ಲೂ ಮಾಡಿಲ್ಲಂದ್ರ ಹೆಂಗ ಇಟ್ಕೊಳ್ಳಲಿ, ಒಂದು ವರ್ಷ ಎಲ್ಲ್ಯಾರ ಮಾಡಿ ಬಾ. ಮಸ್ಕಿಯ ಎರಡು ಅಂಗಡಿಯಲ್ಲೂ ಇದೇ ಮಾತು, ಎಲ್ಲರೂ ಮಾಡಿ ಬಾ ಅನ್ನುವವರೇ, ಆ ಎಲ್ಲ್ಯಾರ ಅನ್ನುವ ಊರು ಯಾವ ಬಸ್ಸಿಗೆ ಸಿಗುತ್ತದೆ ಹೇಳಿರವ್ವಾ, ಟಿಕೆಟ್ಟು ತೆಗೆಸಿಯೇ ಬಿಡುತ್ತೇನೆ. ಲಿಂಗಸೂಗೂರಿನಾಕೆಗೆ ಕೊನೆಗೆ ಕರುಣೆ ಬಂತೋ ಬೇಸರ ಬಂತೋ, ಕಸ ಗುಡಿಸುವ ಪೀರಮ್ಮನನ್ನು ಕೂಡಿಸಿ ಮಾಡು ಅಂದಳು, ಅಸ್ಮಾ ದಾರ ಕಚ್ಚಿದಳು, ಬಾಗಿದಳು, ಎಳೆದಳು— ಪೀರಮ್ಮ ಯಪ್ಪೋ ಅಂತ ಎದ್ದು ನಿಂತಳು, ರೆಪ್ಪೆಯ ಮೇಲೆ ಸಾಸಿವೆಯಷ್ಟು ರಕ್ತ. ಕಾಲು ತಾನಾಗಿಯೇ ಬಿಗಿಯಾಗಿರುತ್ತದೆ, ಕಂಬಳಿಯನ್ನು ಮೊಣಕಾಲಿಗೆ ಬಿಗಿದು ಕಟ್ಟಿಕೊಂಡಿರುತ್ತಿದ್ದಳು, ಹುಬ್ಬು ಹಾಗಲ್ಲ, ಕೂತವರೇ ಒಂದು ಬೆರಳು ಹುಬ್ಬಿನ ಮೇಲೆ ಒಂದು ಬೆರಳು ರೆಪ್ಪೆಯ ಮೇಲೆ ಇಟ್ಟು ಚರ್ಮ ಜಗ್ಗಿ ಹಿಡಿಯಬೇಕು, ಹಿಡ್ಕೊಳ್ರಿ ಅಂತ ಹೇಳಬೇಕು, ಅದನ್ನೇ ಮರೆತಿದ್ದಳು. ಆಕೆ ಬಾಗಿಲು ತೋರಿಸಿದಳು. ತನ್ನ ಹುಬ್ಬೇ ಹೊಲದ ಬದುವಿನಂಗ ಬಿಟ್ಕೊಂಡಾಳ, ಮಂದಿ ಹುಬ್ಬು ಮಾಡಾಕ ಬಂದಾಳ. ಬಸ್‌ಸ್ಟ್ಯಾಂಡಿನವರೆಗೆ ಆ ಮಾತು ಬೆನ್ನು ಬಿಡಲಿಲ್ಲ. ಮನೆಗೆ ಬಂದು ಅಮ್ಮಿಯ ಮುಂದೆ ಅತ್ತದ್ದು ನೆನಪಿದೆ, ಹಿಂಗ ಹಿಡ್ಕೊಳ್ರಿ ಅನ್ನೋದು ಮರೆತೆ ಅಮ್ಮಿ, ಒಂದ ಮಾತು, ಅಷ್ಟ, ಎಂದು ತನ್ನ ಹುಬ್ಬಿಗೇ ಎರಡು ಬೆರಳಿಟ್ಟು ತೋರಿಸಿದ್ದು, ಅಮ್ಮಿ ಅಕ್ಕಿ ಆರಿಸುತ್ತ ನೋಡಿದ್ದಳು.

ಸೋಮವಾರ ಮಿಲ್ಲು. ಮಿಲ್ಲಿನ ಗ್ಯಾನಪ್ಪ ಓಣಿಯ ಬಾಯಿಗೆ ಬಂದು ನಿಂತು ಕೂಗಿ ಹೇಳಿ ಹೋಗಿದ್ದಾನೆ, ಸೀಜನ್ ಸುರು ಆಗಾಕತ್ತೈತಿ, ಖಾಸಿಂಬೀ, ನಿನ್ನ ಜಾಗಾಕ್ಕ ಮಗಳನ್ನ ಕಳಿಸ್ತಿಯೋ ಬ್ಯಾರೆ ಯಾರನ್ನಾರ ತಗೊಳ್ಳಲೋ? ಸೋಮವಾರದ ಮಟ ನೋಡ್ತೀನಿ. ಅಣ್ಣ ಮುಕ್ತಿಯಾರ್ ಕೂಡ ಅದನ್ನೇ ಅಂದ, ಕೋರ್ಸು ಮಾಡಿ ಆತು, ಊರೂರು ತಿರುಗಿ ಆತು, ಸಾಕು. ಹೋದ ಸಲ ಎಂಟು ದಿನ ಹೋಗಿದ್ದಳು ಅಸ್ಮಾ, ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಎದೆಯೊಳಗೆ ಹತ್ತಿ ತುರುಕಿದ ಹಾಗೆ, ರಾತ್ರಿ ಉಸಿರು ಎಳೆದರೆ ಅರ್ಧದಲ್ಲೇ ನಿಲ್ಲುತ್ತಿತ್ತು, ಒಂಬತ್ತನೆಯ ದಿನ ಅಮ್ಮಿಯೇ ಹಿಡಿದು ಕೂಡಿಸಿದಳು, ನನಗ ಬಂದ ಕೆಮ್ಮು ನಿನಗೂ ಬ್ಯಾಡ. ಆ ಮಿಲ್ಲಿಗೆ ಮತ್ತೆ ಹೋಗಲಾರೆ, ಹೋಗಲಾರೆ, ಅದಕ್ಕೇ ಶಿವಗಂಗಾ ಮೇಡಮ್ಮಿಗೆ ಫೋನು ಹಚ್ಚಿದ್ದು, ನಮ್ಮ ಗಿರಾಕಿಗಳನ್ನ ನಿನ್ನ ಕೈಗೆ ಕೊಡಂಗಿಲ್ಲ ತಂಗಿ, ನಿನ್ನ ಮಂದಿ ಯಾರನ್ನಾರ ಕರ್ಕೊಂಡು ಬಾ, ನನ್ನ ಮುಂದ ಮಾಡಿ ತೋರ್ಸು, ಕೈ ನೋಡ್ತೀನಿ, ಅನುಭವ ಗಿನುಭವ ಆಮ್ಯಾಲ, ಅಂದಿದ್ದರು. ಆಮೇಲೆ ಅಂದ ಒಬ್ಬರಾದರೂ ಸಿಕ್ಕರಲ್ಲ! ಪಕ್ಕದ ಮನೆಯ ಶಾಹೀನ್ ಬರುತ್ತೇನೆಂದಿದ್ದಳು, ಗಂಡ ಬೇಡವೆಂದನಂತೆ, ಬೆಳಿಗ್ಗೆ ಫೋನೇ ಎತ್ತಲಿಲ್ಲ. ನಾ ಬರ್ತೀನಿ ನಡಿ ಅಂದಳು ಅಮ್ಮಿ. ನೀನಾ? ಹೌ, ನಾನಾ. ಮೀಸಿ ತೆಗಿ, ಗದ್ದದ ಕೂದಲ ತೆಗಿ, ಅದಕ್ಕೇನು ದೋಷಿಲ್ಲ. ಹೇಳಿ ಕನ್ನಡಿಯ ಕಡೆ ತಿರುಗಿದಳು, ಒಲೆಯ ಮೇಲಿನ ಗೂಡಿನಲ್ಲಿಟ್ಟ ಅಂಗೈ ಅಗಲದ ಕನ್ನಡಿ, ಅದರ ಮುಂದೆ ತಲೆ ಬಗ್ಗಿಸಿ ಎರಡು ಬೆರಳನ್ನು ಹಣೆಗೆ, ಕಣ್ಣ ಹತ್ತಿರ, ಒತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದಳೋ. ತಲಿ ನೋಯ್ತದೇನು ಅಮ್ಮಿ? ಹ್ಞೂಂ, ಸ್ವಲ್ಪ. ಬಸ್ಸಿನಲ್ಲೂ ಅದೇ, ಗೊರೇಬಾಳ ದಾಟುವಾಗ ಕಾಲುವೆಯ ನೀರಲ್ಲಿ ನಾಟಿ ಹಚ್ಚಿದ ಗದ್ದೆಗಳನ್ನು ನೋಡುತ್ತ ನಕಾಬಿನೊಳಗೆ ಎರಡು ಬೆರಳು, ಪಾಪ ತಲೆ ಸಿಡಿಯುತ್ತಿದೆ, ಮುದುಕಿಯನ್ನು ಇಷ್ಟು ದೂರ ಎಳೆದು ತಂದೆನಲ್ಲ, ಇಳಿದ ಮೇಲೆ ಗುಳಿಗೆ ಕೊಡಿಸಬೇಕೆಂದುಕೊಂಡದ್ದು ಮರೆತೇಹೋಯಿತು.

ಯಾಕ ತಂಗಿ, ನಿಂತುಬಿಟ್ಟಿ? ಶಿವಗಂಗಾ ಮೇಡಮ್ಮಿನ ದನಿ ಗಟ್ಟಿಯಾಗೇನೂ ಇಲ್ಲ, ಆದರೆ ಕಾಯುವ ದನಿಯಲ್ಲ, ಮೆಟ್ಟಿಲಲ್ಲಿ ಯಾರೋ ಹೆಣ್ಣುಮಕ್ಕಳು ಹತ್ತಿ ಬರುವ ಸಪ್ಪಳ, ಆಯಿತು, ಹೇಳಿಬಿಡುತ್ತೇನೆ, ಮಿಲ್ಲಾದರೆ ಮಿಲ್ಲು, ದಾರ ಉಗುಳಿ ಹೇಳಿಬಿಡುತ್ತೇನೆ, ಹಲ್ಲು ಸಡಿಲ ಮಾಡಿದ್ದೂ ಆಯಿತು, ಅಷ್ಟರಲ್ಲಿ ಅಮ್ಮಿಯ ಕೈಚೀಲ ತೊಡೆಯಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ ಅವಳು. ಕತ್ತು ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಒಂದು ಬೆರಳು ಎಡ ಹುಬ್ಬಿನ ಮೇಲೆ, ಒಂದು ಬೆರಳು ರೆಪ್ಪೆಯ ಮೇಲೆ ಇಟ್ಟು ಜಗ್ಗಿ ಹಿಡಿದಳು. ಯಾರೂ ಹೇಳಿರಲಿಲ್ಲ. ಈ ಸಲವೂ ಹಿಡ್ಕೊಳ್ರಿ ಅನ್ನುವುದನ್ನು ಅಸ್ಮಾ ಮರೆತಿದ್ದಳು. ಮಾಡು, ಅಂದಳು ಅಮ್ಮಿ, ಕಣ್ಣು ತೆರೆಯದೆ, ಅಕ್ಕಿ ಆರಿಸು ಅಂದ ದನಿಯಲ್ಲೇ. ಹಲ್ಲು ತಾನಾಗಿ ಬಿಗಿಯಿತು, ಕೈ ತಾನಾಗಿ ಎದ್ದಿತು, ದಾರ ಸರ್ ಸರ್ ಎಂದು ಹೋಯಿತು, ಕೆಳಗಿನ ಸಾಲು, ಮೇಲಿನ ಒಂದೆರಡು, ಬೆಳ್ಳಗಾದ ಒಂದು ಕೂದಲು, ಇದು ಯಾವಾಗ ಬೆಳ್ಳಗಾಯಿತು ಅಮ್ಮಿ, ಐವತ್ತೆರಡು ವರ್ಷ ಯಾರೂ ಮುಟ್ಟದ ಹುಬ್ಬು ಕೈಯಡಿ ತೆಳ್ಳಗಾಗುತ್ತಿದೆ, ಅಮ್ಮಿಯ ಉಸಿರು ತುಯ್ಯುತ್ತಿದೆ, ಕೆಮ್ಮು ಬಂದರೂ ತಡೆದುಕೊಂಡಿದ್ದಾಳೆ, ಬೆರಳು ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಒಂದು ಹನಿ ರಕ್ತ ಬರಲಿಲ್ಲ. ಮೇಡಂ ಬಾಗಿ, ಬೆರಳಿಂದ ಉದುರಿದ ಕೂದಲು ಒರೆಸಿ ನೋಡಿದರು, ಕೈ ಚಲೋ ಐತಿ, ಸೋಮವಾರದಿಂದ ಬಾ, ಹತ್ತಕ್ಕ ಬಾಗ್ಲಾ ತೆಗಿತೀನಿ. ಸೋಮವಾರ. ಕಿವಿಗೆ ಬಿದ್ದಿತು, ಸಂತೋಷ ಆಗಬೇಕು, ಆಗುತ್ತದೆ, ಆಮೇಲೆ ಆಗುತ್ತದೆ, ಈಗ ಬರೀ ಸುಸ್ತು, ಇಲ್ಲೇ ನೆಲದ ಮೇಲೆ ಕೂತುಬಿಡೋಣ ಅನ್ನಿಸುವಷ್ಟು ಸುಸ್ತು. ಮೇಡಂ ನಗುತ್ತ ಅಮ್ಮಿಯನ್ನು ಕೇಳುತ್ತಿದ್ದಾರೆ, ಎಷ್ಟ್ ನೀಟಾಗಿ ಹಿಡಿತೀರಿ ಅಮ್ಮಾ, ಹೊಸಬರಿಗೆ ಹತ್ತು ಸಲ ಹೇಳಿದ್ರೂ ಬರಂಗಿಲ್ಲ, ಎಷ್ಟ್ ವರ್ಷದಿಂದ ಮಾಡಿಸ್ತೀರಿ? ಇಲ್ಲರೀ, ಇದ ಮೊದಲು, ಅಂದಳು ಅಮ್ಮಿ, ಮನ್ಯಾಗ ಕನ್ನಡಿ ಮುಂದ ಒಂದೀಟು ರೂಢಿ ಮಾಡ್ಕೊಂಡೆ. ಕನ್ನಡಿ. ಒಲೆಯ ಮೇಲಿನ ಗೂಡು, ಅಂಗೈ ಅಗಲದ ಕನ್ನಡಿ, ತಲೆ ಬಗ್ಗಿಸಿ— ಬಸ್ಸಿನಲ್ಲಿ, ಗೊರೇಬಾಳದಲ್ಲಿ, ನಕಾಬಿನೊಳಗೆ— ತಲೆನೋವಲ್ಲ, ಅದು ತಲೆನೋವಾಗಿರಲೇ ಇಲ್ಲ. ಇನ್ನೊಂದೂ ಮುಗಿಸಿಬಿಡು ತಂಗಿ, ಒಂದ ಮಾಡಿ ಬಿಟ್ರ ನಗ್ತಾರ ಮಂದಿ, ಅನ್ನುತ್ತಿದ್ದಾರೆ ಮೇಡಂ, ದಾರ ಹಲ್ಲಲ್ಲಿದೆ, ಒದ್ದೆಯಾಗಿದೆ, ಉಪ್ಪಾಗಿದೆ, ಕೈ ಮೇಲೇಳಬೇಕು, ಏಳುತ್ತಿಲ್ಲ, ಅಮ್ಮಿ ಕಣ್ಣು ಮುಚ್ಚಿಕೊಂಡೇ ಬಲ ಹುಬ್ಬಿಗೆ ಬೆರಳಿಟ್ಟು ಕಾಯುತ್ತಿದ್ದಾಳೆ, ಒಂದು ಮೇಲೆ, ಒಂದು ಕೆಳಗೆ, ಜಗ್ಗಿ ಹಿಡಿದ ಎರಡು ಬೆರಳು.