ಎಲ್ಲೆ ನಡೆಯದೆ ಸಹಿ ಇಲ್ಲ ಎಂದ ನಲುಲೆ

ಬಾಡಿಗೆ ಕೋಣೆಯ ಮಾಲೀಕ ಬಾಗಿಲನ್ನೇ ಕಿತ್ತುಕೊಂಡು ಹೋದ. ಬಾಡಿಗೆ ಬಾಕಿ ಇರಲಿಲ್ಲ, ಜಗಳವೂ ಆಗಿರಲಿಲ್ಲ. ತಮ್ಮನಿಗೆ ಮದುವೆ, ಕೋಣೆ ಬೇಕು ಎಂದ. ನಲುಲೆ ಒಂದು ತಿಂಗಳು ಸಮಯ ಕೇಳಿದಳು, ಅಷ್ಟೇ. ಮರುದಿನ ಸಂತೆಯಿಂದ ಬಂದು ನೋಡಿದರೆ ಬಾಗಿಲಿದ್ದ ಕಡೆ ಬರೀ ಚೌಕಟ್ಟು. ಕಂಪಾಲ ನಗರದ ಅಂಚಿನಲ್ಲಿ ಬಾಡಿಗೆಗೆ ಇದ್ದವರಿಗೆ ಇದೇನು ಹೊಸದಲ್ಲ. ಆದರೆ ನಲುಲೆಯ ಗಂಡ ಸೆಂಪಾಲ ಬಡಗಿ. ಊರಿಗೆಲ್ಲ ಬಾಗಿಲು ಮಾಡಿಕೊಡುವವನ ಕೋಣೆಗೆ ಈಗ ಹಳೇ ಚಾದರವೇ ಬಾಗಿಲು.

"ಸಾಕಪ್ಪಾ ಸಾಕು," ಎಂದ ಸೆಂಪಾಲ. "ನಮ್ಮೂರ ಮುಲಿಂದ್ವ ತನ್ನ ಮನೆ ಮಾರ್ತಾನಂತೆ. ಮೂರು ಕೋಣೆ, ತಗಡಿನ ಸೂರು, ಹಿಂದೆ ಬಾಳೆ ತೋಟ, ಅಂಗಳದಲ್ಲಿ ಹಲಸಿನ ಮರ. ಭಾನುವಾರ ಊರ ಚೇರ್ಮನ್ನರ ಮುಂದೆ ಸಹಿ. ತಡ ಮಾಡಿದ್ರೆ ಪಟ್ಟಣದೋರು ಯಾರೋ ಕಾದು ಕೂತವ್ರಂತೆ."

ನಲುಲೆಗೆ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಹನ್ನೆರಡು ವರ್ಷ ಸಂತೆಯಲ್ಲಿ ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ದುಡ್ಡು ಅದು. ಅದರಲ್ಲಿ ಒಂದು ಮನೆ ಬರುತ್ತದೆ, ಎರಡನೆಯದು ಬರುವುದಿಲ್ಲ. ಈ ಮನೆ ಕೈತಪ್ಪಿದರೆ ಮಗಳು ಪ್ರೋಸಿ ಬಾಡಿಗೆ ಕೋಣೆಯಲ್ಲೇ ಬೆಳೆದು ದೊಡ್ಡವಳಾಗಬೇಕು.

ಬೆಳಿಗ್ಗೆ ಸಂತೆಯಲ್ಲಿ ಪಕ್ಕದ ಯಂತ್ರದ ಅಡೊಂಗೊಳಿಗೆ ಸುದ್ದಿ ಹೇಳಿದಳು. ಅಡೊಂಗೊ ಉತ್ತರದ ಲೀರಾ ಕಡೆಯವಳು, ನಾಲಿಗೆ ಸ್ವಲ್ಪ ಖಾರ. ಹೊಲಿಗೆ ನಿಲ್ಲಿಸಿ ಕೇಳಿದಳು: "ಜಾಗದ ಎಲ್ಲೆ ಸುತ್ತ ನಡೆದು ನೋಡಿದ್ಯಾ?"

"ಚೇರ್ಮನ್ನರು ನೋಡವ್ರಂತೆ."

"ಚೇರ್ಮನ್ನರು ಅಲ್ಲಿ ಅಡುಗೆ ಮಾಡ್ಕೊಂಡು ಇರ್ತಾರಾ? ಹೋಗ್ಲಿ, ಮುಲಿಂದ್ವನ ಹೆಂಡ್ತಿ ಏನಂದ್ಲು?"

"ಅವಳನ್ನ ಯಾಕೆ ಕೇಳ್ಬೇಕು? ಮನೆ ಅವಂದಲ್ವಾ?"

"ಅಯ್ಯೋ ಪುಣ್ಯಾತ್ಗಿತ್ತಿ! ಸಂಸಾರ ಮಾಡೋ ಮನೆನ ಹೆಂಡ್ತಿ ಒಪ್ಪಿಗೆ ಇಲ್ದೆ ಮಾರೋ ಹಾಗಿಲ್ಲ. ಕಾನೂನು ಕಣೇ ಅದು. ಮಣ್ಣಿನ ಒಡತಿಗಾದ್ರೂ ಹೇಳಿದೀರಾ?"

ಈ ಕಡೆ ಮನೆ ಒಬ್ಬರದು, ಅದರಡಿಯ ಮಣ್ಣು ಇನ್ನೊಬ್ಬರದು. ನಲುಲೆ ನಕ್ಕಳು. "ಅದು ಅಜ್ಜಂದಿರ ಕಾಲದ್ದು. ಮಣ್ಣಿನ ಒಡೆಯರ ಮುಂದೆ ಹೋಗಿ, ಬಿಳಿ ನಿಲುವಂಗಿ ಕೊಟ್ಟು, ನಾನು ನಿಮ್ಮ ಹೊಸ ಒಕ್ಕಲು ಅಂತ ಹೇಳ್ಕೋತಿದ್ರು. ಈಗೆಲ್ಲಿ? ಚೇರ್ಮನ್ನರ ಸೀಲು ಬಿತ್ತು ಅಂದ್ರೆ ಮುಗೀತು."

ಅಡೊಂಗೊ ನಗಲಿಲ್ಲ. "ನಾನೂ ಒಂದು ಮನೆ ಕೊಂಡಾಗ ಹಂಗೇ ಅಂದ್ಕೊಂಡಿದ್ದೆ. ಸೀಲು ಇತ್ತು, ಕಾಗದ ಇತ್ತು. ಎರಡು ವರ್ಷ ಬಾಳಿದೆ. ಒಂದಿನ ಮಣ್ಣಿನ ಒಡೆಯನ ಮಗ ಬಂದ. ನೀನ್ಯಾರು, ನಿನ್ನನ್ನ ನಮ್ಮ ಮುಂದೆ ಯಾರು ತಂದು ನಿಲ್ಲಿಸಿದ್ರು ಅಂದ. ಕೋರ್ಟು ಕಚೇರಿ ಅಲೆದು ಸೋತೆ. ಗೋಡೆ ಕೆಡವಿದ ದಿನ ಒಲೆ ಮೇಲೆ ಬೀನ್ಸು ಬೇಯ್ತಿತ್ತು, ನಲುಲೆ. ಮನೆ ಮುಲಿಂದ್ವಂದಿರಬಹುದು, ಬಾಳೆ ಅವಂದಿರಬಹುದು, ಅಡಿಯಲ್ಲಿರೋ ಮಣ್ಣು ಒಡತೀದು. ನೀನು ದುಡ್ಡು ಕೊಟ್ಟಿದ್ದನ್ನ ಚೇರ್ಮನ್ ಕಣ್ಣಾರೆ ಕಂಡ ಅಂತ ಹೇಳತ್ತೆ ಆ ಸೀಲು. ಅದಕ್ಕಿಂತ ಹೆಚ್ಚೇನೂ ಹೇಳಲ್ಲ. ನಾನು ಹೊರಗಿನೋಳು, ನಿಮ್ಮ ಪದ್ಧತಿ ಗೊತ್ತಿಲ್ದೆ ಕೆಟ್ಟೆ. ನೀನು ಗೊತ್ತಿದ್ದೂ ಕೆಡೋಕೆ ಹೊರಟಿದ್ದೀಯಲ್ಲ!"

ನಲುಲೆ ಅಂದು ಯಂತ್ರ ಬೇಗ ಮುಚ್ಚಿಟ್ಟಳು. ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಸೆಂಪಾಲ ಸಿಡುಕಿದ.

"ಎಲ್ಲರ ಮೇಲೂ ಅನುಮಾನ ಪಟ್ರೆ ಈ ಜನ್ಮದಲ್ಲಿ ಮನೆ ಆಗಲ್ಲ. ಹೀಗೆಲ್ಲ ಕೇಳಿದ್ರೆ ಚೇರ್ಮನ್ನರಿಗೆ ಅವಮಾನ."

"ಆಗ್ಲಿ ಬಿಡಿ, ಪ್ರೋಸಿ ಅಪ್ಪ. ಅವಮಾನ ಅವರಿಗೆ ಒಂದು ದಿನ. ಮನೆ ಹೋದ್ರೆ ನಮಗೆ ಜನ್ಮಪೂರ್ತಿ."

ಭಾನುವಾರ ಮುಲಿಂದ್ವನ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಸೋಡಾ ಬಾಟಲಿ ತೆರೆದಿದ್ದವು, ಸುಟ್ಟ ಬಾಳೆಕಾಯಿ ತಟ್ಟೆಯಲ್ಲಿತ್ತು. ಆಗಲೇ ಎಲ್ಲ ಮುಗಿದುಹೋದ ಸಂಭ್ರಮ. ಚೇರ್ಮನ್ ಕಾಗದ ಓದಿ ಪೆನ್ನನ್ನು ಸೆಂಪಾಲನಿಗೆ ಕೊಟ್ಟ. ಅಷ್ಟರಲ್ಲಿ ನಲುಲೆ ಕಾಗದದ ಮೇಲೆ ಅಂಗೈ ಇಟ್ಟಳು.

"ಎಲ್ಲೆ ನಡೀಬೇಕು. ಅಕ್ಕಪಕ್ಕದೋರನ್ನ ಕರೀರಿ."

"ನೋಡಯ್ಯಾ ಸೆಂಪಾಲ," ಚೇರ್ಮನ್ ನಕ್ಕ, "ನಿನ್ನ ಹೆಂಡ್ತಿ ಲಂಗದ ಬಟ್ಟೆ ಅಳೆದೂ ಅಳೆದೂ ಈಗ ಭೂಮಿ ಅಳೆಯೋಕೆ ಬಂದವ್ಳೆ."

"ಹೌದು ಸ್ವಾಮಿ. ಲಂಗದ ಬಟ್ಟೆನೂ ನಾನು ಅಳೆದೇ ತಗೊಳ್ಳೋದು."

ಯಾರೂ ಏಳಲಿಲ್ಲ. ನಲುಲೆ ಒಬ್ಬಳೇ ತೋಟಕ್ಕೆ ನಡೆದಳು. ಹಿಂತಿರುಗಿ ನೋಡಲಿಲ್ಲ. ಪಕ್ಕದ ತೋಟದ ಮುದುಕ ಕೋಲೂರಿಕೊಂಡು ಬಂದ. ಸೆಂಪಾಲನೂ ಮುಖ ಗಂಟಿಕ್ಕಿಕೊಂಡೇ ಹಿಂದೆ ಬಂದ. ಈ ಕಡೆ ಎಲ್ಲೆಗೆ ಒಮುಲಾಮುಲ ಗಿಡ ನೆಡುತ್ತಾರೆ. ಅಜ್ಜ ನೆಟ್ಟದ್ದನ್ನು ಮೊಮ್ಮಗನೂ ಕೀಳುವುದಿಲ್ಲ. ಮೇಲ್ಗಡೆಯ ಗಿಡಗಳು ಆಳೆತ್ತರ ಇದ್ದವು. ಕೆಳಗಡೆಯವು ಮೊಣಕಾಲೆತ್ತರ, ಎಲೆ ಬಾಡಿದ್ದವು. ನಲುಲೆ ಬಗ್ಗಿ ಒಂದನ್ನು ಹಿಡಿದು ಎಳೆದಳು. ಅದು ಕೈಗೇ ಬಂತು. ಅದಕ್ಕೆ ಬೇರೇ ಇರಲಿಲ್ಲ, ಯಾರೋ ಮೊನ್ನೆ ಮೊನ್ನೆ ಊರಿದ್ದ ಕೊಂಬೆ.

"ಇದು ನನ್ನ ಬಾಳೆ ಕಣಮ್ಮ," ಎಂದ ಮುದುಕ. "ಮುಲಿಂದ್ವನ ಎಲ್ಲೆ ಅಗೋ, ಹದಿನೈದು ಹೆಜ್ಜೆ ಮೇಲಕ್ಕೆ. ಇವತ್ತು ಸಹಿ ಅಂತ ನನ್ನನ್ನ ಯಾರೂ ಕರೀಲೇ ಇಲ್ಲ."

ನಲುಲೆ ಆ ಗಿಡವನ್ನು ತಂದು ಕಾಗದದ ಮೇಲೆ ಮಣ್ಣು ಸಮೇತ ಇಟ್ಟಳು. ಅದೇ ಹೊತ್ತಿಗೆ ಚರ್ಚಿನಿಂದ ಮುಲಿಂದ್ವನ ಹೆಂಡತಿ ನಾಕಿಟ್ಟೊ ಬಂದಳು. ಕುರ್ಚಿ, ಸೋಡಾ ನೋಡಿ ಬೆರಗಾದಳು.

"ನಮ್ಮನೇಲಿ ಯಾರ ಮದುವೆ ಇದು?"

"ಮನೆ ಮಾರಾಟ, ಅಕ್ಕ," ಎಂದಳು ನಲುಲೆ. "ನಿಮ್ಮ ಒಪ್ಪಿಗೆ ಎಲ್ಲಿದೆ ಅಂತ ಕೇಳ್ಬೇಕು ಅಂತಿದ್ದೆ."

ನಾಕಿಟ್ಟೊ ಗಂಡನ ಕಡೆ ತಿರುಗಿದಳು. ಆಮೇಲೆ ಅವಳು ಆಡಿದ ಮಾತನ್ನು ಅಚ್ಚು ಹಾಕುವಂತಿಲ್ಲ. ಚೇರ್ಮನ್ ಸೀಲು ಚೀಲಕ್ಕೆ ತುಂಬಿಕೊಂಡು ಎದ್ದ.

"ಈ ಊರಲ್ಲಿ ನಿನಗೆ ಅದ್ಯಾರು ಮನೆ ಕೊಡ್ತಾರೋ ನಾನೂ ನೋಡ್ತೀನಿ!"

"ನೋಡಿ. ಯಾರೂ ಕೊಡ್ದಿದ್ರೆ ಬಾಗಿಲಿಲ್ಲದ ಕೋಣೇಲೇ ಇರ್ತೀವಿ. ಕಾಲ ಕೆಳಗೆ ನೆಲ ಇಲ್ಲದ ಮನೆ ನಮಗೆ ಬೇಡ."

ಸೆಂಪಾಲ ಪೆನ್ನನ್ನು ಕುರ್ಚಿಯ ಮೇಲಿಟ್ಟು ಹೆಂಡತಿಯ ಪಕ್ಕ ಹೋಗಿ ನಿಂತ.

ಕಾದು ಕೂತಿದ್ದಾನೆ ಎಂದಿದ್ದ ಪಟ್ಟಣದವನು ಬರಲೇ ಇಲ್ಲ. ಅಂಥವನು ಇದ್ದರೆ ತಾನೇ ಬರುವುದು! ಮೂರನೇ ವಾರ ಮುಲಿಂದ್ವ ಹೆಂಡತಿಯ ಹಿಂದೆ ತಲೆ ತಗ್ಗಿಸಿಕೊಂಡು ನಲುಲೆಯ ಯಂತ್ರದ ಮುಂದೆ ಬಂದು ನಿಂತ. ನಾಕಿಟ್ಟೊಳೇ ಮಾತಾಡಿದಳು: "ನನ್ನ ತವರಿನ ಕಡೆ ಹೋಗೋಣ ಅಂತ ನಾನೂ ಒಪ್ಪಿದೀನಿ. ನಮ್ಮದೆಷ್ಟೋ ಅಷ್ಟೇ ಮಾರ್ತೀವಿ, ಅಷ್ಟಕ್ಕೇ ಬೆಲೆ."

ಈ ಸಲ ಎಲ್ಲೆಯನ್ನು ಎಲ್ಲರೂ ಕೂಡಿ ನಡೆದರು. ಪಕ್ಕದ ಮುದುಕ ಸಾಕ್ಷಿ ಹಾಕಿದ. ಆಮೇಲೆ ಬಿಳಿ ನಿಲುವಂಗಿ ಹಿಡಿದು ಮಣ್ಣಿನ ಒಡತಿಯ ಮನೆಗೆ ಹೋದರು. ಎಂಬತ್ತು ದಾಟಿದ ಆ ಅಜ್ಜಿ ಕನ್ನಡಕ ಏರಿಸಿಕೊಂಡು ಅವರನ್ನು ನೋಡಿದಳು.

"ಎಲ್ಲರೂ ಮನೆ ಕಟ್ಟಿ, ಜಗಳ ಆಡಿ, ಅಳ್ತಾ ಬರ್ತಾರೆ. ನೀವು ದುಡ್ಡು ಕೊಡೋ ಮುಂಚೆ ಬಂದಿದ್ದೀರಿ. ಸರಿ, ನನ್ನ ಒಪ್ಪಿಗೆ ಬರೆದುಕೊಡ್ತೀನಿ. ಗಂಡನ ಹೆಸರು ಹೇಳಿ."

"ನನ್ನ ಹೆಸರೂ ಬರೀಬೇಕು," ಎಂದಳು ನಲುಲೆ.

"ಹೆಂಗಸಿನ ಹೆಸರು ಗಂಡನ ಹೆಸರಲ್ಲೇ ಬಂತಲ್ಲಮ್ಮ?"

ನಲುಲೆ ಬಾಯಿ ತೆರೆಯುವ ಮೊದಲೇ ಸೆಂಪಾಲ ಹೇಳಿದ: "ಇಲ್ಲ ಅಜ್ಜಿ. ಅವಳ ಹೆಸರು ಮೊದಲು ಬರೀರಿ, ನನ್ನದು ಕೆಳಗೆ. ನಾನೊಬ್ಬನೇ ಆಗಿದ್ರೆ ಬೇರಿಲ್ಲದ ಗಿಡ ಕೊಂಡ್ಕೊಂಡು ಬರ್ತಿದ್ದೆ."

ಅಜ್ಜಿ ನಲುಲೆಯ ಹೆಸರನ್ನು ಮೊದಲು ಬರೆದಳು, ಕೆಳಗೆ ಸೆಂಪಾಲನದು.

ಮೊದಲ ಮನೆ ಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ದುಡ್ಡು ನಿಮ್ಮದು, ಆದ್ದರಿಂದ ಆತುರ ಮಾರುವವನದಾಗಿರಲಿ. ಹಗಲಿನಲ್ಲಿ ಹೋಗಿ ಎಲ್ಲೆಯನ್ನು ನಿಮ್ಮ ಕಾಲಿನಿಂದಲೇ ನಡೆಯಿರಿ, ನೆರೆಯವರನ್ನು ಕರೆದು ಕೇಳಿ. ಮಾರುವವನ ಮನೆಯವರೆಲ್ಲ ಒಪ್ಪಿದ್ದಾರೆಯೇ, ಆ ಮಣ್ಣಿನ ಮೇಲೆ ಇನ್ಯಾರ ಹಕ್ಕಿದೆ ಎಂದು ತಿಳಿದ ಮೇಲೆಯೇ ಪೆನ್ನು ಹಿಡಿಯಿರಿ. ಕಾಗದದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. "ಇಷ್ಟೊಂದು ಕೇಳ್ತೀರಲ್ಲ" ಎಂದು ಯಾರಾದರೂ ನಕ್ಕರೆ ನಗಲಿ, ನೀವು ಇನ್ನೊಂದು ಪ್ರಶ್ನೆ ಕೇಳಿ. ಕೇಳಿದ್ದಕ್ಕೇ ಸಿಟ್ಟಾಗುವವನಿಂದ ಮನೆಯನ್ನಂತೂ ಕೊಳ್ಳಲೇಬೇಡಿ.